ಶಿಕಾಗೋದ ಚಾ ಚಾ: ಒಂದು ಗ್ಯಾಂಗು, ಒಂದು ಏರಿಯಾ, ಒಬ್ಬ ಮೇಯರ್

(ಮಾತಾಡಿದ್ದನ್ನ ಸ್ವಲ್ಪ ತಿದ್ದಿ ಬರಹಕ್ಕೆ ಇಳಿಸಿದ್ದೀನಿ. ಮಧ್ಯೆ ಕೇಳಿದ ಪ್ರಶ್ನೆಗಳನ್ನ ಅಲ್ಲಲ್ಲೇ ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ. ಶಿಕಾಗೋ, ಗ್ಯಾಂಗು ಅಂತ ಪೋಸ್ಟರ್‌ನಲ್ಲಿ ನೋಡಿ ಅಲ್ ಕಪೋನ್ ಬಗ್ಗೆ ಕೇಳೋಣ ಅಂತ ಬಂದವರು ಯಾರಾದ್ರೂ ಇದ್ರೆ ಕ್ಷಮಿಸಿ, ಅವನ ವಿಷಯ ಇವತ್ತು ಬರಲ್ಲ. ಹೋಸೆ ಹಿಮೆನೆಸ್ ಅಂತ ಒಬ್ಬ ಇದ್ದ, ಎಲ್ರೂ ಕರೀತಿದ್ದಿದ್ದು ಚಾ ಚಾ ಅಂತ. ಯಂಗ್ ಲಾರ್ಡ್ಸ್ ಅನ್ನೋ ಗ್ಯಾಂಗ್ ಕಟ್ಟಿದವರಲ್ಲಿ ಒಬ್ಬ. 2025ರ ಜನವರಿ 10ಕ್ಕೆ ತೀರ್ಕೊಂಡ, 76 ವರ್ಷ ಆಗಿತ್ತು. ಅವನು ಸತ್ತಾಗ ಬಂದ ಬರಹಗಳಲ್ಲಿ ಮತ್ತೆ ಮತ್ತೆ ಓದಿದ್ದು ಒಂದೇ ಕಥೆ: ದಾರಿ ತಪ್ಪಿದ ಹುಡುಗ, ಜೈಲಿಗೆ ಹೋದ, ಪುಸ್ತಕ ಓದಿದ, ಒಳ್ಳೆಯವನಾದ. ಅದು ಸುಳ್ಳು ಅಂತ ಹೇಳ್ತಿಲ್ಲ ನಾನು, ಆದ್ರೆ ಆ ಕಥೆಯಲ್ಲಿ ಒಂದು ಊರು ಪೂರ್ತಿ ಮಾಯ ಆಗ್ಬಿಡುತ್ತೆ, ಆ ಊರಿನ ಮೇಯರ್ ಮಾಯ ಆಗ್ಬಿಡ್ತಾನೆ, ಮುಖ್ಯವಾಗಿ ಜಾಗದ ಬೆಲೆ ಅನ್ನೋದು ಮಾಯ ಆಗ್ಬಿಡುತ್ತೆ. ಅದನ್ನ ವಾಪಸ್ ತಂದಿಟ್ಟು ನೋಡೋಣ ಅಂತ.

ಹುಟ್ಟಿದ್ದು 1948ರ ಆಗಸ್ಟ್ 8, ಪೋರ್ಟೊ ರಿಕೊದ ಕಾಗ್ವಾಸ್ ಅನ್ನೋ ಊರಲ್ಲಿ. ಪೋರ್ಟೊ ರಿಕೊ ಅಂದ್ರೆ ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕದ ಕೈಕೆಳಗಿರೋ ಒಂದು ದ್ವೀಪ. ಪೋರ್ಟೊ ರಿಕೊದವರಿಗೆ 1917ರಿಂದಲೇ ಅಮೆರಿಕದ ಪೌರತ್ವ ಇದೆ, ಅಂದ್ರೆ ವೀಸಾ ಗೀಸಾ ಏನೂ ಬೇಡ, ಟಿಕೆಟ್ ತಗೊಂಡು ವಿಮಾನ ಹತ್ತಿದ್ರೆ ಆಯ್ತು. ಎರಡನೇ ಮಹಾಯುದ್ಧ ಆದ್ಮೇಲೆ ದ್ವೀಪದಲ್ಲಿ ಕಬ್ಬಿನ ಕೆಲಸ ಕಮ್ಮಿ ಆಗ್ತಾ ಬಂತು, ಅಲ್ಲಿನ ಸರ್ಕಾರ ಫ್ಯಾಕ್ಟರಿ ತರ್ತೀವಿ ಅಂತ ಹೊರಟಿತು, ಫ್ಯಾಕ್ಟರಿ ಬಂದ್ವು ಆದ್ರೆ ಕೆಲಸ ಕಳ್ಕೊಂಡವರಿಗೆಲ್ಲ ಸಾಲುವಷ್ಟು ಕೆಲಸ ಬರ್ಲಿಲ್ಲ, ಹಾಗಾಗಿ ಲಕ್ಷಾಂತರ ಜನ ಮೇನ್‌ಲ್ಯಾಂಡಿಗೆ ಹೊರಟರು. ಚಾ ಚಾನ ಅಪ್ಪ ಮೊದಲು ಮ್ಯಾಸಚೂಸೆಟ್ಸ್ ಕಡೆ ಹೊಲಗಳಲ್ಲಿ ಕೂಲಿ ಮಾಡಿದವನು. ಆಮೇಲೆ ಸಂಸಾರ ಸಮೇತ ಶಿಕಾಗೋ. 1960ರ ಜನಗಣತಿ ಹೊತ್ತಿಗೆ ಶಿಕಾಗೋದಲ್ಲಿ ಪೋರ್ಟೊ ರಿಕೊದವರು 32 ಸಾವಿರ ಜನ, ಇನ್ನು ಹತ್ತು ವರ್ಷಕ್ಕೆ ಸುಮಾರು 79 ಸಾವಿರ. ಇವರಲ್ಲಿ ಮೊದಮೊದಲು ಬಂದವರಲ್ಲಿ ತುಂಬಾ ಜನ ಸೇರ್ಕೊಂಡಿದ್ದು ಡೌನ್‌ಟೌನ್‌ಗೆ ಹತ್ತಿರ ಇದ್ದ ಕ್ಲಾರ್ಕ್ ಸ್ಟ್ರೀಟ್ ಅಕ್ಕಪಕ್ಕ, ಅವರ ಬಾಯಲ್ಲಿ ಅದು 'ಲಾ ಕ್ಲಾರ್ಕ್'. ಹಳೇ ಹೋಟೆಲ್ಲು, ಒಂದೊಂದು ರೂಮಲ್ಲಿ ಒಂದೊಂದು ಸಂಸಾರ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ, ಯಾಕಂದ್ರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. 1949ರಲ್ಲಿ ಅಮೆರಿಕದ ಸಂಸತ್ತು ಒಂದು ವಸತಿ ಕಾಯ್ದೆ ಪಾಸ್ ಮಾಡ್ತು. ಅದರ ಮೊದಲನೇ ಭಾಗದ ಪ್ರಕಾರ ನಗರಪಾಲಿಕೆ ಒಂದು ಏರಿಯಾನ 'ಹಾಳಾದ ಪ್ರದೇಶ' ಅಂತ ಘೋಷಿಸಬಹುದು, ಅಲ್ಲಿರೋ ಮನೆಗಳನ್ನ ಬೇಕಾದ್ರೆ ಬಲವಂತವಾಗಿ ಸ್ವಾಧೀನ ಮಾಡ್ಕೋಬಹುದು, ಒಡೆದು ನೆಲಸಮ ಮಾಡಿ ಆ ಜಾಗನ ಖಾಸಗಿ ಬಿಲ್ಡರ್‌ಗೆ ಕಮ್ಮಿ ರೇಟಿಗೆ ಮಾರಬಹುದು, ಕೊಂಡಿದ್ದಕ್ಕೂ ಮಾರಿದ್ದಕ್ಕೂ ಮಧ್ಯೆ ಆಗೋ ನಷ್ಟದಲ್ಲಿ ಮೂರನೇ ಎರಡು ಭಾಗ ಕೇಂದ್ರ ಸರ್ಕಾರ ತುಂಬಿಕೊಡುತ್ತೆ. ಅರ್ಬನ್ ರಿನ್ಯೂವಲ್ ಅಂತ ಹೆಸರು. ಓದೋಕೆ ಚೆನ್ನಾಗೇ ಇದೆ, ಕೊಳೆಗೇರಿ ಹೋಗಿ ಒಳ್ಳೆ ಮನೆ ಬರುತ್ತೆ ಅಂತ. ಆದ್ರೆ ಯಾವ ಏರಿಯಾ ಹಾಳಾಗಿದೆ ಅಂತ ತೀರ್ಮಾನ ಮಾಡೋರು ಯಾರು? ಮಿಷಿಗನ್ ಸರೋವರಕ್ಕೆ ಹತ್ತಿರ, ಆಫೀಸುಗಳಿಗೆ ಹತ್ತಿರ, ಇಂಥ ಜಾಗದಲ್ಲಿ ಬಡವರು ಇದ್ರೆ ಅದು ಬೇಗ 'ಹಾಳಾಗಿ' ಕಾಣಿಸ್ತಿತ್ತು. ಲಾ ಕ್ಲಾರ್ಕ್‌ಗೆ ಆಗಿದ್ದು ಅದೇ. 1960ರ ದಶಕದ ಶುರುವಿಗೆ ಅಲ್ಲೆಲ್ಲ ಒಡೆದು ಎತ್ತರದ ಅಪಾರ್ಟ್‌ಮೆಂಟುಗಳನ್ನ ಎಬ್ಬಿಸಿದರು. ಆ ಕಾಂಪ್ಲೆಕ್ಸಿಗೆ ಇಟ್ಟ ಹೆಸರು ಕಾರ್ಲ್ ಸ್ಯಾಂಡ್‌ಬರ್ಗ್ ವಿಲೇಜ್. ಸ್ಯಾಂಡ್‌ಬರ್ಗ್ ಅಂದ್ರೆ ಶಿಕಾಗೋದ ಕೂಲಿಗಳ ಮೇಲೆ ಪದ್ಯ ಕಟ್ಟಿದ ಕವಿ. ಕೂಲಿಗಳನ್ನ ಎಬ್ಬಿಸಿ ಕಟ್ಟಿದ ಬಿಲ್ಡಿಂಗಿಗೆ ಅವನ ಹೆಸರು. ಇದನ್ನ ಯಾರೂ ಬೇಕು ಅಂತ ತಮಾಷೆಗೆ ಮಾಡಿದ್ದಲ್ಲ, ಅದೇ ನೋಡಿ ಬೇಜಾರು.

ಎದ್ದವರು ಉತ್ತರಕ್ಕೆ ಸರಿದು ಲಿಂಕನ್ ಪಾರ್ಕ್ ಅನ್ನೋ ಏರಿಯಾಗೆ ಬಂದ್ರು. ಚಾ ಚಾನ ಮನೆಯವರೂ ಬಂದ್ರು. ಅಮ್ಮ ಎಉಹೆನಿಯಾ ತುಂಬಾ ದೈವಭಕ್ತೆ, ಮನೆಯಲ್ಲೇ ಅಕ್ಕಪಕ್ಕದ ಮಕ್ಕಳನ್ನ ಕೂರಿಸ್ಕೊಂಡು ಕ್ಯಾಟಕಿಸಂ, ಅಂದ್ರೆ ಕ್ರೈಸ್ತ ಧರ್ಮದ ಪಾಠ, ಹೇಳಿಕೊಡ್ತಿದ್ಲು, ಸ್ಪ್ಯಾನಿಷ್‌ನಲ್ಲಿ ಪೂಜೆ ಆಗ್ಬೇಕು ಅಂತ ಚರ್ಚಿನವರ ಹಿಂದೆ ಬಿದ್ದಿದ್ಲು. ಈ ಹುಡುಗ ಚರ್ಚಲ್ಲಿ ಆಲ್ಟರ್ ಬಾಯ್, ಅಂದ್ರೆ ಪೂಜೆ ಹೊತ್ತಲ್ಲಿ ಪಾದ್ರಿಗೆ ಸಹಾಯ ಮಾಡೋ ಹುಡುಗ. ನೆನಪಿಟ್ಕೊಳ್ಳಿ ಇದನ್ನ, ಮುಂದೆ ಅವನು ಎರಡು ಸಲ ಧಾರ್ಮಿಕ ಸಂಸ್ಥೆಗೆ ನುಗ್ತಾನೆ, ಎರಡೂ ಸಲ ಒಳಗಿನವರ ಜೊತೆ ಮಾತಾಡೋದು ಹೇಗೆ ಅಂತ ಅವನಿಗೆ ಗೊತ್ತಿರುತ್ತೆ.

1959ರಲ್ಲಿ ಗ್ಯಾಂಗ್ ಹುಟ್ಟಿತು. ಏಳು ಜನ ಹುಡುಗ್ರು, ಮುಂದೆ ನಿಂತವನು ಒರ್ಲಾಂಡೊ ದಾವಿಲಾ, ಚಾ ಚಾ ಏಳರಲ್ಲಿ ಒಬ್ಬ, ಹನ್ನೊಂದು ವರ್ಷ. ಹನ್ನೊಂದು! ಗ್ಯಾಂಗ್ ಅಂದ್ರೆ ನಮ್ಮ ಕಣ್ಣಿಗೆ ಬರೋದು ಬಂದೂಕು, ಡ್ರಗ್ಸ್ ವ್ಯಾಪಾರ, ಅದೆಲ್ಲ ಆಮೇಲಿನ ಕಾಲದ್ದು. ಇದು ಶುರುವಾಗಿದ್ದು ಬೇರೆ ಕಾರಣಕ್ಕೆ. ಲಿಂಕನ್ ಪಾರ್ಕ್‌ನಲ್ಲಿ ಆಗ ಇಟಾಲಿಯನ್ನು, ಜರ್ಮನ್ನು, ಐರಿಷ್ಷು, ಅಪ್ಪಲಾಚಿಯಾ ಬೆಟ್ಟದಿಂದ ಬಂದ ಬಡ ಬಿಳಿಯರು, ಎಲ್ರೂ ಇದ್ರು. ಈ ಬೀದಿ ದಾಟಿದ್ರೆ ಹೊಡೀತಾರೆ, ಆ ಪಾರ್ಕಿಗೆ ಹೋದ್ರೆ ಓಡಿಸ್ತಾರೆ, ಬೀಚಿಗೆ ಹೋಗ್ಬೇಕಂದ್ರೆ ಇಪ್ಪತ್ತು ಜನ ಗುಂಪಾಗಿ ಹೋಗ್ಬೇಕು. ಒಬ್ಬೊಬ್ಬನೇ ಸ್ಕೂಲಿಗೆ ಹೋದ್ರೆ ಏಟು ತಿನ್ನಬೇಕು, ಏಳು ಜನ ಹೋದ್ರೆ ತಿನ್ನಬೇಕಾಗಿಲ್ಲ. ಅಷ್ಟೇ ಲೆಕ್ಕ. ಆಮೇಲೆ ಅದು ಬೆಳೀತು, ಪ್ಯಾರಗನ್ಸು, ಬ್ಲ್ಯಾಕ್ ಈಗಲ್ಸು ಅಂತ ಬೇರೆ ಗುಂಪುಗಳಿದ್ವು, ಬಡಿದಾಟ, ಚಾಕು, ಕಾರ್ ಕದಿಯೋದು, ಎಲ್ಲ ಬಂತು. ಚಾ ಚಾ ಜುವೆನೈಲ್ ಕೋರ್ಟು, ಲಾಕಪ್ಪು ಅಂತ ಓಡಾಡಿದ, ಹೆರಾಯಿನ್ ಹಿಡ್ಕೊಂಡ. ಇದನ್ನೆಲ್ಲ ಅವನು ಎಂದೂ ಮುಚ್ಚಿಟ್ಟಿಲ್ಲ, ನಾವು ಅದನ್ನ ಸುಂದರ ಮಾಡೋಕೆ ಹೋಗೋದೂ ಬೇಡ, ಏಟು ತಿಂದವರು ಅದೇ ಏರಿಯಾದ ಬಡವರ ಮನೆ ಮಕ್ಕಳೇ.

ಈಗ ಇನ್ನೊಬ್ಬನನ್ನ ಪರಿಚಯ ಮಾಡಿಸ್ತೀನಿ. ರಿಚರ್ಡ್ ಜೆ. ಡೇಲಿ. 1955ರಿಂದ 1976ರಲ್ಲಿ ಸಾಯೋವರೆಗೂ ಶಿಕಾಗೋದ ಮೇಯರ್, ಡೆಮಾಕ್ರಟಿಕ್ ಪಾರ್ಟಿಯ ದೊಡ್ಡ ಬಾಸು, ಅವನ ಮಾತಿಲ್ಲದೆ ಊರಲ್ಲಿ ಒಂದು ಲೈಟ್ ಕಂಬ ನೆಡೋಕಾಗ್ತಿರಲಿಲ್ಲ ಅಂತಾರೆ. ಅವನು ಹುಟ್ಟಿ ಬೆಳೆದಿದ್ದು ಬ್ರಿಡ್ಜ್‌ಪೋರ್ಟ್ ಅನ್ನೋ ಐರಿಷ್ ಕಾರ್ಮಿಕರ ಏರಿಯಾದಲ್ಲಿ. ಅಲ್ಲಿ ಹುಡುಗರ ಒಂದು ಗುಂಪಿತ್ತು, ಹ್ಯಾಂಬರ್ಗ್ ಅಥ್ಲೆಟಿಕ್ ಕ್ಲಬ್. ಹೆಸರಿಗೆ ಆಟದ ಕ್ಲಬ್ಬು. 1919ರಲ್ಲಿ ಶಿಕಾಗೋದಲ್ಲಿ ಜನಾಂಗೀಯ ಗಲಭೆ ಆಯ್ತು, 38 ಜನ ಸತ್ತರು, ಅದರಲ್ಲಿ 23 ಜನ ಕಪ್ಪು ಜನ. ಆಮೇಲೆ ಕೂತ ತನಿಖಾ ಆಯೋಗ ಈ ಅಥ್ಲೆಟಿಕ್ ಕ್ಲಬ್ಬುಗಳನ್ನ ನೇರವಾಗಿ ದೂರಿತು, ಹ್ಯಾಂಬರ್ಗ್ ಹೆಸರೂ ಅದರಲ್ಲಿತ್ತು. ಡೇಲಿಗೆ ಆಗ ಹದಿನೇಳು. ಅವನು ಬೀದಿಗಿಳಿದಿದ್ದಾನೆ ಅಂತ ತೋರಿಸೋ ದಾಖಲೆ ಇಲ್ಲ, ನಾನೂ ಹಾಗೆ ಹೇಳಲ್ಲ. ಆದ್ರೆ ಐದು ವರ್ಷಕ್ಕೆ, 1924ರಲ್ಲಿ, ಅದೇ ಕ್ಲಬ್ಬಿಗೆ ಅಧ್ಯಕ್ಷ ಆದ, ಹತ್ತು ಹದಿನೈದು ವರ್ಷ ಆ ಕುರ್ಚಿ ಬಿಡಲಿಲ್ಲ, ಅವನ ರಾಜಕೀಯದ ಮೊದಲ ಮೆಟ್ಟಿಲು ಅದು. ಬ್ರಿಡ್ಜ್‌ಪೋರ್ಟ್ ಹುಡುಗರಿಗೆ ಅವರ ಗುಂಪಿನ ಹಿಂದೆ ಪಾರ್ಟಿ ಇತ್ತು, ವಾರ್ಡ್ ಇತ್ತು, ಪೊಲೀಸ್ ಇಲಾಖೆಯಲ್ಲಿ ಅಣ್ಣಂದಿರಿದ್ರು, ಹಾಗಾಗಿ ಅದು ಕ್ಲಬ್ಬು. ಲಿಂಕನ್ ಪಾರ್ಕ್ ಹುಡುಗರಿಗೆ ಹಿಂದೆ ಯಾರೂ ಇರಲಿಲ್ಲ, ಅದು ಗ್ಯಾಂಗು. ನನಗೆ ಚಾ ಚಾನ ಇಡೀ ಜೀವನ ಅರ್ಥ ಆಗೋದು ಈ ಇಬ್ಬರನ್ನ ಪಕ್ಕಪಕ್ಕ ಇಟ್ಟಾಗ.

ಒಬ್ರು ಇಲ್ಲಿ ಕೈ ಎತ್ತಿದ್ರು, ಐರಿಷರಿಗೂ ಮೊದಲು ಅವಮಾನ ಆಗಿತ್ತಲ್ವಾ, ಅವರೂ ಮೇಲೆ ಬಂದ್ರಲ್ವಾ, ಪೋರ್ಟೊ ರಿಕೊದವರೂ ಕಾಯಬಹುದಿತ್ತಲ್ವಾ ಅಂತ. ಕಾಯೋಕೆ ಕಾಲ ಕೆಳಗೆ ನೆಲ ಬೇಕಲ್ಲ ಸರ್. ಡೇಲಿ ಹುಟ್ಟಿದ ಬೀದಿಯಲ್ಲೇ ಸಾಯೋವರೆಗೂ ಇದ್ದ, ಮೇಯರ್ ಆದ್ಮೇಲೂ ಅದೇ ಸೌತ್ ಲೋ ಅವೆನ್ಯೂ. ವಾರ್ಡು ಅಂದ್ರೆ ಓಟು, ಓಟು ಅಂದ್ರೆ ಒಂದೇ ಜಾಗದಲ್ಲಿ ಇಪ್ಪತ್ತು ಮೂವತ್ತು ವರ್ಷ ಇರೋ ಜನ. ಚಾ ಚಾನ ಮನೆಯವರು ಎಷ್ಟು ಮನೆ ಬದಲಾಯಿಸಿದ್ರು ಅಂದ್ರೆ ಅವನೇ ವಿಳಾಸಗಳನ್ನ ಬೆರಳು ಮಡಚಿ ಎಣಿಸ್ಬೇಕಿತ್ತು.

1968. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆ ಆಯ್ತು, ಶಿಕಾಗೋದ ವೆಸ್ಟ್ ಸೈಡ್ ಹತ್ತಿ ಉರೀತು. ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಾರ್ಟಿ ಅಧಿವೇಶನ, ವಿಯೆಟ್ನಾಂ ಯುದ್ಧದ ವಿರೋಧಿಗಳನ್ನ ಡೇಲಿಯ ಪೊಲೀಸರು ಅಟ್ಟಾಡಿಸಿದ್ದು ಇದೇ ಲಿಂಕನ್ ಪಾರ್ಕ್ ಪಾರ್ಕಿನಲ್ಲಿ. ಆ ವರ್ಷ ಚಾ ಚಾ ಡ್ರಗ್ಸ್ ಕೇಸಲ್ಲಿ 60 ದಿನ ಜೈಲಲ್ಲಿದ್ದ. ಅಲ್ಲಿ ಅವನನ್ನ ಒಂಟಿ ಸೆಲ್ಲಿಗೆ ಹಾಕಿದ್ರು, ಪುಸ್ತಕ ತಂದುಕೊಡ್ತಿದ್ದ ಒಬ್ಬ ಕೈದಿಯಿಂದ ಓದು ಹತ್ತಿತು, ಮೊದಲು ಕ್ರೈಸ್ತ ಸನ್ಯಾಸಿಯೊಬ್ಬನ ಆತ್ಮಕಥೆ, ಆಮೇಲೆ ಕಿಂಗ್ ಬಗ್ಗೆ, ಮಾಲ್ಕಂ ಎಕ್ಸ್ ಬಗ್ಗೆ. ಇದು ಎಲ್ರಿಗೂ ಇಷ್ಟ ಆಗೋ ಭಾಗ. ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಹೊರಗೆ ಬಂದ ಮೇಲೆ ಆಗಿದ್ದು. ಪ್ಯಾಟ್ ಡಿವೈನ್ ಅಂತ ಏರಿಯಾದ ಒಬ್ಬ ಕಾರ್ಯಕರ್ತೆ ಸಿಕ್ಕಿ ಅರ್ಬನ್ ರಿನ್ಯೂವಲ್ ಪ್ಲ್ಯಾನು ಏನು, ಮುಂದೆ ಯಾವ್ಯಾವ ಬೀದಿ ಖಾಲಿ ಆಗುತ್ತೆ, ಯಾವ ಸಮಿತಿ ಇದನ್ನ ತೀರ್ಮಾನ ಮಾಡುತ್ತೆ ಅಂತ ಬಿಡಿಸಿ ಹೇಳಿದ್ಲು. ಇಷ್ಟು ದಿನ ಯಾವ ಕಾರ್ನರ್ ನಮ್ಮದು ಅಂತ ಬೇರೆ ಹುಡುಗರ ಜೊತೆ ಹೊಡೆದಾಡ್ತಿದ್ದವನಿಗೆ ಆ ಕಾರ್ನರ್ ಕಾಗದದ ಮೇಲೆ ಆಗಲೇ ಬೇರೆಯವರದ್ದಾಗಿತ್ತು.

1968ರ ಸೆಪ್ಟೆಂಬರ್ 23ಕ್ಕೆ ಯಂಗ್ ಲಾರ್ಡ್ಸ್ ಗ್ಯಾಂಗ್ ಅನ್ನೋದು ಯಂಗ್ ಲಾರ್ಡ್ಸ್ ಆರ್ಗನೈಸೇಶನ್ ಆಯ್ತು. ದಿನ ಸುಮ್ಮನೆ ಆರಿಸಿದ್ದಲ್ಲ, ಸರಿಯಾಗಿ ನೂರು ವರ್ಷದ ಹಿಂದೆ ಅದೇ ದಿನ ಲಾರೆಸ್ ಅನ್ನೋ ಊರಲ್ಲಿ ಪೋರ್ಟೊ ರಿಕೊದವರು ಸ್ಪೇನ್ ವಿರುದ್ಧ ದಂಗೆ ಎದ್ದಿದ್ರು. ನೇರಳೆ ಬೆರೆ ಟೋಪಿ ಬಂತು, ಎದೆ ಮೇಲೆ ಬಟನ್, ಅದರಲ್ಲಿ ದ್ವೀಪದ ಮ್ಯಾಪು, ರೈಫಲ್ ಹಿಡಿದ ಕೈ, 'ನನ್ನ ಎದೆಯಲ್ಲಿ ಪೋರ್ಟೊ ರಿಕೊ ಇದೆ' ಅಂತ ಸ್ಪ್ಯಾನಿಷ್‌ನಲ್ಲಿ. ಗುಂಪಲ್ಲಿ ಎಲ್ರೂ ಒಪ್ಪಿದ್ರು ಅಂದ್ಕೋಬೇಡಿ. ಎಷ್ಟೋ ಜನಕ್ಕೆ ಇದೆಲ್ಲ ಬೋರು, ಬಿಯರ್ ಕುಡೀತಾ ಕಾರ್ನರಲ್ಲಿ ನಿಲ್ಲೋದು ಬಿಟ್ಟು ಮೀಟಿಂಗಿಗೆ ಯಾಕ್ ಹೋಗ್ಬೇಕು? ಆದ್ರೂ ಬಂದವರು ಬಂದಿದ್ದು ಸಿದ್ಧಾಂತಕ್ಕಲ್ಲ, ಹನ್ನೊಂದನೇ ವಯಸ್ಸಿಂದ ಜೊತೆಗೆ ಏಟು ತಿಂದವನು ಕರೆದ ಅಂತ. ಯಾವ ಬಿಲ್ಡಿಂಗಲ್ಲಿ ಯಾರ ಅಜ್ಜಿ ಇದ್ದಾಳೆ, ಯಾವ ಮಾಲೀಕ ಹೀಟರ್ ರಿಪೇರಿ ಮಾಡಲ್ಲ, ಇದೆಲ್ಲ ಗ್ಯಾಂಗಿಗೆ ಮೊದಲೇ ಗೊತ್ತಿತ್ತು, ಯಾವ ಸೋಶಿಯಲ್ ವರ್ಕರ್‌ಗೂ ಗೊತ್ತಿರಲಿಲ್ಲ.

ಮೊದಲ ದೊಡ್ಡ ಗಲಾಟೆ ಅರ್ಬನ್ ರಿನ್ಯೂವಲ್ ಆಫೀಸಲ್ಲಿ. ಲಿಂಕನ್ ಪಾರ್ಕಿನ ಸಲಹಾ ಸಮಿತಿ ಮೀಟಿಂಗಿಗೆ ಹುಡುಗ್ರು ಹೋದ್ರು. ನೋಡ್ತಾರೆ, ಮೇಜಿನ ಸುತ್ತ ಒಬ್ಬ ಲ್ಯಾಟಿನೋ ಇಲ್ಲ, ಒಬ್ಬ ಕಪ್ಪು ಮನುಷ್ಯ ಇಲ್ಲ, ಒಬ್ಬ ಬಡವ ಇಲ್ಲ. ನಮ್ಮವರು ಸಮಿತಿಯಲ್ಲಿ ಇಲ್ಲದೆ ಮೀಟಿಂಗ್ ನಡೆಯೋ ಹಾಗಿಲ್ಲ ಅಂದ್ರು. ಕುರ್ಚಿಗಳು ಮುರಿದ್ವು, ಮೀಟಿಂಗ್ ನಿಂತಿತು. ಇದನ್ನ ಪೇಪರಲ್ಲಿ ಓದಿ ಚಾ ಚಾನ ಹುಡುಕ್ಕೊಂಡು ಬಂದವನು ಫ್ರೆಡ್ ಹ್ಯಾಂಪ್ಟನ್, ಕಪ್ಪು ಜನರ ಹಕ್ಕಿಗೆ ಹೋರಾಡ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿಯ ಇಲಿನಾಯ್ ಘಟಕದ ನಾಯಕ. ಇಬ್ಬರೂ ಹುಟ್ಟಿದ್ದು ಒಂದೇ ತಿಂಗಳು, 1948ರ ಆಗಸ್ಟ್, ಮೂರು ವಾರ ವ್ಯತ್ಯಾಸ. ಇಬ್ಬರಿಗೂ ಆಗ ಇಪ್ಪತ್ತು.

ಆಮೇಲೆ ಆಗಿದ್ದು ಆ ಕಾಲದ ಅಮೆರಿಕದಲ್ಲಿ ನಂಬೋಕಾಗದಂಥದ್ದು. ಪ್ಯಾಂಥರ್ಸು, ಯಂಗ್ ಲಾರ್ಡ್ಸು, ಜೊತೆಗೆ ಯಂಗ್ ಪೇಟ್ರಿಯಟ್ಸ್ ಅಂತ ಅಪ್‌ಟೌನ್ ಏರಿಯಾದ ಬಿಳಿ ಹುಡುಗರ ಗುಂಪು, ಮೂರೂ ಸೇರಿ 1969ರ ವಸಂತದಲ್ಲಿ ರೇನ್‌ಬೋ ಕೊಅಲಿಷನ್ ಮಾಡ್ಕೊಂಡ್ರು. ಈ ಪೇಟ್ರಿಯಟ್ಸು ದಕ್ಷಿಣದ ಗಣಿ ಊರುಗಳಿಂದ ಕೆಲಸ ಹುಡುಕ್ಕೊಂಡು ಬಂದ ಕುಟುಂಬಗಳ ಹುಡುಗ್ರು, ಅವರ ಜಾಕೆಟ್ ಮೇಲೆ ಕಾನ್ಫೆಡರೇಟ್ ಬಾವುಟ, ಅಂದ್ರೆ ಗುಲಾಮಗಿರಿ ಉಳೀಲಿ ಅಂತ ಯುದ್ಧ ಮಾಡಿದವರ ಬಾವುಟ. ಅದನ್ನ ಹಾಕ್ಕೊಂಡೇ ಪ್ಯಾಂಥರ್ಸ್ ಸಭೆಗೆ ಬರ್ತಿದ್ರು. ಅವರನ್ನ ಕರೆತಂದವನು ಬಾಬ್ ಲೀ ಅನ್ನೋ ಪ್ಯಾಂಥರ್, ಅವನು ಬಾವುಟದ ಬಗ್ಗೆ ಜಗಳ ತೆಗೆಯೋ ಬದಲು ನಿಮ್ಮ ಏರಿಯಾದಲ್ಲಿ ಪೊಲೀಸರು ಹೇಗೆ ನಡ್ಕೋತಾರೆ, ಮನೆ ಮಾಲೀಕ ಹೇಗೆ ಅಂತ ಕೇಳ್ತಾ ಕೂತ. ಉತ್ತರ ಎಲ್ಲ ಕಡೆ ಒಂದೇ ಬಂತು. ಆ ಬಾವುಟ ಆಮೇಲೆ ತಾನಾಗೇ ಕಳಚಿತು. ಕೆಲವರು ಇದನ್ನ ರೊಮ್ಯಾಂಟಿಕ್ ಆಗಿ ಹೇಳ್ತಾರೆ, ನನಗೆ ಇದು ತುಂಬಾ ವ್ಯವಹಾರದ ಮಾತು ಅನ್ಸುತ್ತೆ, ಮೂವರನ್ನೂ ಎಬ್ಬಿಸ್ತಿದ್ದಿದ್ದು ಒಂದೇ ಸಿಟಿ ಹಾಲ್.

1969ರ ಮೇ 4ರ ರಾತ್ರಿ ಒರ್ಲಾಂಡೊ ದಾವಿಲಾನ ಹುಟ್ಟುಹಬ್ಬದ ಪಾರ್ಟಿ. ಡ್ಯೂಟಿಯಲ್ಲಿಲ್ಲದ ಒಬ್ಬ ಪೊಲೀಸ್ ಮನುವೆಲ್ ರಾಮೋಸ್ ಅನ್ನೋ ಯಂಗ್ ಲಾರ್ಡ್‌ನ ಗುಂಡಿಟ್ಟು ಕೊಂದ, ಇನ್ನೊಬ್ಬನಿಗೂ ಗುಂಡು ಬಿತ್ತು. ಪೊಲೀಸಿನ ಮೇಲೆ ಏನೂ ಆಗಲಿಲ್ಲ, ಅವನನ್ನ ಹಿಡಿದುಕೊಟ್ಟ ನಾಲ್ಕು ಜನ ಯಂಗ್ ಲಾರ್ಡ್ಸ್ ಮೇಲೆ ಕೇಸ್ ಬಿತ್ತು. ಇದು ನಡೆದ ಏರಿಯಾ ಯಾವುದು ಗೊತ್ತಾ? ಬ್ರಿಡ್ಜ್‌ಪೋರ್ಟ್. ಹಳೇ ಗ್ಯಾಂಗ್ ಆಗಿದ್ದಿದ್ರೆ ಮುಂದೇನಾಗ್ತಿತ್ತು ಅಂತ ಊಹಿಸಬಹುದು. ಇವರು ಮೆರವಣಿಗೆ ಹೊರಟ್ರು. ದಾರಿಯಲ್ಲಿ ಬೇರೆ ಗ್ಯಾಂಗುಗಳ ಹುಡುಗರೂ ಸೇರ್ಕೊಂಡ್ರು, ನಿನ್ನೆ ಮೊನ್ನೆವರೆಗೂ ಹೊಡೆದಾಡಿದವರು.

ಹತ್ತು ದಿನ ಬಿಟ್ಟು ಮೆಕಾರ್ಮಿಕ್ ಥಿಯಲಾಜಿಕಲ್ ಸೆಮಿನರಿಗೆ ನುಗ್ಗಿದ್ರು. ಪ್ರೆಸ್ಬಿಟೇರಿಯನ್ ಪಾದ್ರಿಗಳನ್ನ ತಯಾರು ಮಾಡೋ ಶಾಲೆ, ಏರಿಯಾ ಮಧ್ಯೆ ದೊಡ್ಡ ಕ್ಯಾಂಪಸ್ಸು, ಸುತ್ತ ಬೇಲಿ, ಅರ್ಬನ್ ರಿನ್ಯೂವಲ್‌ಗೆ ಬೆಂಬಲ ಕೊಟ್ಟ ಸಂಸ್ಥೆ. ಆಡಳಿತ ಕಟ್ಟಡಕ್ಕೆ ರಾತ್ರಿ ಹೋಗಿ ಬಾಗಿಲು ಹಾಕ್ಕೊಂಡು ಬೋರ್ಡ್ ಬದಲಾಯಿಸಿದ್ರು: ಮನುವೆಲ್ ರಾಮೋಸ್ ಸ್ಮಾರಕ ಕಟ್ಟಡ. ಬೇಡಿಕೆ ಏನು? ಬಡವರ ವಸತಿಗೆ 6 ಲಕ್ಷದ ಒಂದು ಸಾವಿರ ಡಾಲರ್. ಆ ಮೇಲಿನ ಒಂದು ಸಾವಿರ ನೋಡಿದ್ರೆ ನನಗೆ ಯಾವಾಗ್ಲೂ ನಗು ಬರುತ್ತೆ, ಬಾಯಿಗೆ ಬಂದ ಅಂಕಿ ಅಲ್ಲ, ಯಾರೋ ಕೂತು ಲೆಕ್ಕ ಹಾಕಿದ್ದಾರೆ. ಒಳಗೆ ಹೆಂಗಸರು ಮಕ್ಕಳು ಇದ್ರು, ಕೆಲವು ವಿದ್ಯಾರ್ಥಿಗಳೂ ಇವರ ಪರ ನಿಂತ್ರು. ಕೆಲವೇ ದಿನಕ್ಕೆ ಸೆಮಿನರಿ ಒಪ್ಪಿಕೊಳ್ತು.

ಜೂನ್‌ನಲ್ಲಿ ಆರ್ಮಿಟೇಜ್ ಅವೆನ್ಯೂದ ಮೆಥಡಿಸ್ಟ್ ಚರ್ಚು. ಅಲ್ಲಿನ ಸಭೆಯಲ್ಲಿ ಕ್ಯೂಬಾದಿಂದ ಓಡಿಬಂದ ಕುಟುಂಬಗಳಿದ್ವು, ಅಲ್ಲಿನ ಕಮ್ಯುನಿಸ್ಟ್ ನಾಯಕ ಕ್ಯಾಸ್ಟ್ರೋ ಹೆಸರು ಕೇಳಿದ್ರೇ ಉರಿದು ಬೀಳೋರು, ಅವರಿಗೆ ಬೆರೆ ಟೋಪಿ ಹುಡುಗರನ್ನ ಕಂಡ್ರೆ ಹೇಗಾಗಿರ್ಬೇಡ. ಆದ್ರೆ ಪಾದ್ರಿ ಬ್ರೂಸ್ ಜಾನ್ಸನ್ ಪೊಲೀಸರಿಗೆ ಫೋನ್ ಮಾಡಲಿಲ್ಲ, ಹುಡುಗರ ಜೊತೆ ಮಾತಾಡಿದ. ಅದು ಪೀಪಲ್ಸ್ ಚರ್ಚ್ ಆಯ್ತು. ಮಕ್ಕಳಿಗೆ ಬೆಳಗಿನ ತಿಂಡಿ, ಕೆಲಸಕ್ಕೆ ಹೋಗೋ ತಾಯಂದಿರಿಗೆ ಡೇಕೇರು, ಎಮೆಟೆರಿಯೊ ಬೆತಾನ್ಸೆಸ್ ಹೆಸರಲ್ಲಿ ಉಚಿತ ಕ್ಲಿನಿಕ್ಕು. ಬೆತಾನ್ಸೆಸ್ ಅಂದ್ರೆ ಆ 1868ರ ದಂಗೆಯ ಹಿಂದಿದ್ದ ಡಾಕ್ಟ್ರು. ಡೇಕೇರ್ ಶುರುವಾಗ್ತಿದ್ದ ಹಾಗೇ ಸಿಟಿ ಇನ್ಸ್‌ಪೆಕ್ಟರುಗಳು ಬಂದ್ರು, ಅದು ಸರಿ ಇಲ್ಲ, ಇದು ನಿಯಮಕ್ಕೆ ವಿರುದ್ಧ ಅಂತ ಪಟ್ಟಿ ಕೊಟ್ರು. ಹುಡುಗ್ರು ಸುತ್ತಿಗೆ, ಮೊಳೆ ಹಿಡಿದು ರಿಪೇರಿಗೆ ಇಳಿದ್ರು. ಏರಿಯಾದ ಸಾವಿರಾರು ಮನೆಗಳಲ್ಲಿ ಹೀಟರ್ ಇಲ್ಲದೆ ಚಳಿಗೆ ಸಾಯ್ತಿದ್ದಾಗ ಈ ಇನ್ಸ್‌ಪೆಕ್ಟರುಗಳು ಎಲ್ಲಿದ್ರು ಅಂತ ಕೇಳ್ಬೇಡಿ.

ಹೆಂಗಸರ ಬಗ್ಗೆ ಒಂದು ಮಾತು. ಗ್ಯಾಂಗ್ ಕಥೆ ಅಂದ್ರೆ ಗಂಡಸರ ಕಥೆ ಅಂತಲೇ ಹೇಳ್ಕೊಂಡು ಹೋಗ್ತೀವಿ. ತಿಂಡಿ, ಕ್ಲಿನಿಕ್ಕು, ಡೇಕೇರು, ಜೈಲಿಗೆ ಹೋದವರ ಜಾಮೀನು, ಇದನ್ನೆಲ್ಲ ದಿನಾ ನಡೆಸಿದ್ದು ಹೆಂಗಸರು, ಅವರು ಮದರ್ಸ್ ಅಂಡ್ ಅದರ್ಸ್ ಅಂತ ತಮ್ಮದೇ ಗುಂಪು ಮಾಡ್ಕೊಂಡಿದ್ರು. ಬೇರೆ ಗುಂಪು ಯಾಕೆ ಅಂದ್ರೆ, ಬೀದಿ ಗಂಡಸುತನ ಬೆರೆ ಟೋಪಿ ಹಾಕಿದ ತಕ್ಷಣ ಹೋಗಲ್ಲವಲ್ಲ.

ಅದೇ ಬೇಸಿಗೆ ನ್ಯೂಯಾರ್ಕಿನ ಕೆಲವು ಪೋರ್ಟೊ ರಿಕೊ ಕಾಲೇಜು ಹುಡುಗ್ರು ಪ್ಯಾಂಥರ್ಸ್ ಪತ್ರಿಕೆಯಲ್ಲಿ ಚಾ ಚಾನ ಸಂದರ್ಶನ ಓದಿ ಶಿಕಾಗೋಗೆ ಬಂದು ನೋಡಿ ಹೋಗಿ ಜುಲೈನಲ್ಲಿ ತಮ್ಮ ಘಟಕ ಶುರು ಮಾಡಿದ್ರು. ಈಸ್ಟ್ ಹಾರ್ಲಂ ಬೀದಿಯಲ್ಲಿ ಸಿಟಿಯವರು ಕಸ ಎತ್ತಲ್ಲ ಅಂತ ಕಸನೆಲ್ಲ ರಸ್ತೆ ಮಧ್ಯೆ ತಂದು ಸುರಿದು ಬೆಂಕಿ ಹಾಕಿದ್ದು, ಮುಂದಿನ ವರ್ಷ ಬ್ರಾಂಕ್ಸಿನ ಲಿಂಕನ್ ಆಸ್ಪತ್ರೆಗೆ ನುಗ್ಗಿದ್ದು, ಅವರೇ. ಇವತ್ತು ಯಂಗ್ ಲಾರ್ಡ್ಸ್ ಅಂದ್ರೆ ಹೆಚ್ಚು ಜನಕ್ಕೆ ನೆನಪಾಗೋದು ನ್ಯೂಯಾರ್ಕಿನವರೇ, ಮಾತು ಬಲ್ಲವರು, ಟಿವಿ ಮುಂದೆ ಚೆನ್ನಾಗಿ ಕಾಣೋರು. 1970ರಲ್ಲಿ ಅವರು ಬೇರೆ ಆದ್ರು. ಶಿಕಾಗೋದವರು ಇನ್ನೂ ಗ್ಯಾಂಗ್ ಥರ ಇದ್ದಾರೆ, ಶಿಸ್ತಿಲ್ಲ, ಸಂಘಟನೆಯ ಪತ್ರಿಕೆ ಸರಿಯಾಗಿ ಹೊರತರಲ್ಲ ಅನ್ನೋದು ಅವರ ದೂರು. ದೂರಿನಲ್ಲಿ ನಿಜ ಇತ್ತು. ಆದ್ರೆ ಶಿಕಾಗೋದವರ ಮೇಲೆ ಆಗ ಬೀಳ್ತಿದ್ದ ಭಾರನೂ ಲೆಕ್ಕಕ್ಕೆ ತಗೋಬೇಕು.

ಭಾರ ಅಂದ್ರೆ ಹೀಗೆ. 1969ರ ಮೇನಲ್ಲಿ ಡೇಲಿ ಮತ್ತು ಸರ್ಕಾರಿ ವಕೀಲ ಎಡ್ವರ್ಡ್ ಹನ್ರಹನ್ ಸೇರಿ 'ಗ್ಯಾಂಗುಗಳ ಮೇಲೆ ಯುದ್ಧ' ಸಾರಿದ್ರು. ಎಡಪಂಥೀಯರು, ಹೋರಾಟಗಾರರ ಮೇಲೆ ಕಣ್ಣಿಡೋ ಪೊಲೀಸರ ರೆಡ್ ಸ್ಕ್ವಾಡ್ ಇತ್ತು, ಎಫ್‌ಬಿಐ ಇತ್ತು. ಚಾ ಚಾನ ಮೇಲೆ ಆರು ವಾರದಲ್ಲಿ 18 ಕೇಸು ಜಡಿದ್ರು. ಯೋಚನೆ ಮಾಡಿ, ಚಾಕು ಹಿಡಿದು ಓಡಾಡ್ತಿದ್ದಾಗ ಇಷ್ಟು ಕೇಸಿಲ್ಲ, ಮಕ್ಕಳಿಗೆ ತಿಂಡಿ ಹಾಕೋಕೆ ಶುರು ಮಾಡಿದಾಗ 18. ಬಡವರ ಹುಡುಗರು ಬಡವರ ಹುಡುಗರನ್ನ ಹೊಡೀತಿದ್ರೆ ಸಿಟಿ ಹಾಲಿಗೆ ಅದೊಂದು ತಲೆನೋವು ಅಷ್ಟೇ, ಅದೇ ಹುಡುಗ್ರು ಪ್ಲ್ಯಾನ್ ಕಾಗದ ಹಿಡ್ಕೊಂಡು ಈ ಜಾಗ ಯಾರಿಗೆ ಮಾರ್ತಿದ್ದೀರಾ ಅಂತ ಕೇಳಿದಾಗ ಅದು ಯುದ್ಧ ಆಯ್ತು.

ಸೆಪ್ಟೆಂಬರ್ ಕೊನೆಗೆ ಪಾದ್ರಿ ಬ್ರೂಸ್ ಜಾನ್ಸನ್ ಮತ್ತು ಅವನ ಹೆಂಡತಿ (ಅವಳ ಹೆಸರೂ ಎಉಹೆನಿಯಾ) ಇಬ್ಬರನ್ನೂ ಅವರ ಮನೆಯಲ್ಲೇ ಇರಿದು ಕೊಂದ್ರು. ಯಾರು ಮಾಡಿದ್ದು ಅಂತ ಇವತ್ತಿಗೂ ಪತ್ತೆ ಆಗಿಲ್ಲ. ಡಿಸೆಂಬರ್ 4ರ ಬೆಳಗಿನ ಜಾವ ಹನ್ರಹನ್ ಕಳಿಸಿದ ಪೊಲೀಸರು ಫ್ರೆಡ್ ಹ್ಯಾಂಪ್ಟನ್ ಮನೆಗೆ ನುಗ್ಗಿದ್ರು, ಹಾಸಿಗೆಯಲ್ಲಿದ್ದ ಅವನನ್ನ ಕೊಂದ್ರು. ಪೊಲೀಸರ ಕಡೆಯಿಂದ ಹಾರಿದ್ದು 80ಕ್ಕೂ ಹೆಚ್ಚು ಗುಂಡು, ಒಳಗಿನವರ ಕಡೆಯಿಂದ ಹೆಚ್ಚಂದ್ರೆ ಒಂದು, ಫೆಡರಲ್ ಗ್ರ್ಯಾಂಡ್ ಜ್ಯೂರಿ ಹೇಳಿದ್ದು ಇದು. 21 ವರ್ಷ. ಮೂರೇ ತಿಂಗಳಲ್ಲಿ ಚಾ ಚಾನ ಅಕ್ಕಪಕ್ಕ ನಿಂತಿದ್ದವರು ಹೀಗೆ ಹೋದ್ರು.

ಅವನಿಗೆ ಶಿಕ್ಷೆ ಆಗಿದ್ದು ಯಾವುದಕ್ಕೆ ಗೊತ್ತಾ, 23 ಡಾಲರ್ ಬೆಲೆಯ ಮರದ ಹಲಗೆ ಕದ್ದ ಅಂತ. ಒಂದು ವರ್ಷ ಜೈಲು. 1970ರಲ್ಲಿ ಅವನು ತಲೆಮರೆಸಿಕೊಂಡ, ಅವನ ಜೊತೆ ಇನ್ನೂ ಕೆಲವರು, ವಿಸ್ಕಾನ್ಸಿನ್‌ನ ತೋಮಾ ಹತ್ತಿರ ಒಂದು ಫಾರ್ಮಲ್ಲಿ ಸ್ವಲ್ಪ ಕಾಲ ಇದ್ರು. ಎರಡು ವರ್ಷದ ಮೇಲೆ, 1972ರ ಡಿಸೆಂಬರ್‌ನಲ್ಲಿ ತಾನೇ ಬಂದು ಶರಣಾಗಿ ಆ ವರ್ಷದ ಶಿಕ್ಷೆ ಅನುಭವಿಸಿದ. ಅಷ್ಟರಲ್ಲಿ ಲಿಂಕನ್ ಪಾರ್ಕ್ ಖಾಲಿ ಆಗ್ತಾ ಬಂದಿತ್ತು. ಬಡವರ ಮನೆಗಳಿಗೆ ಇವರ ಕಡೆಯವರೇ ಒಬ್ಬ ಆರ್ಕಿಟೆಕ್ಟ್ ಹತ್ರ ಪೂರ್ತಿ ಡ್ರಾಯಿಂಗ್ ಮಾಡಿಸಿ ಸಿಟಿ ಮುಂದೆ ಇಟ್ಟಿದ್ರು, ಸಿಟಿ ಒಪ್ಪಲಿಲ್ಲ. ಜನ ಇನ್ನೂ ಪಶ್ಚಿಮಕ್ಕೆ, ಹಂಬೋಲ್ಟ್ ಪಾರ್ಕ್ ಕಡೆ ಸರಿದ್ರು. ಸೆಮಿನರಿ 70ರ ದಶಕದಲ್ಲಿ ಬೇರೆ ಕಡೆ ಹೋಯ್ತು, ಅದರ ಕ್ಯಾಂಪಸ್ಸು ಈಗ ಡಿಪಾಲ್ ಯೂನಿವರ್ಸಿಟಿಯದ್ದು.

ಹೊರಗೆ ಬಂದವನು ಮಾಡಿದ ಕೆಲಸ ನೋಡಿ: ಚುನಾವಣೆಗೆ ನಿಂತ. 1975, 46ನೇ ವಾರ್ಡು, ಎದುರಿಗೆ ಡೇಲಿ ಕಡೆಯ ಅಭ್ಯರ್ಥಿ. ಹ್ಯಾಂಬರ್ಗ್ ಕ್ಲಬ್ಬಿನ ಹುಡುಗ ಹತ್ತಿದ ಅದೇ ಮೆಟ್ಟಿಲು ಹತ್ತೋಕೆ ಹೋದ, ಆದ್ರೆ ಇವನ ಓಟಿನವರು ಆಗಲೇ ನಾಲ್ಕು ವಾರ್ಡಿಗೆ ಚದುರಿ ಹೋಗಿದ್ರು. ಸೋತ. ಸೋತ್ರೂ ಆ ತಂಡ ಓಟರ್ ಲಿಸ್ಟ್ ಹಿಡಿದು ಮನೆಮನೆ ಸುತ್ತೋದನ್ನ ಕಲೀತು, 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಶಿಕಾಗೋದ ಮೊದಲ ಕಪ್ಪು ಮೇಯರ್ ಆದಾಗ ಲ್ಯಾಟಿನೋ ಓಟು ತಂದುಕೊಟ್ಟವರಲ್ಲಿ ಚಾ ಚಾನೂ ಇದ್ದ.

ಆಮೇಲಿನ ವರ್ಷಗಳು ಅಷ್ಟು ಚೆಂದ ಇಲ್ಲ. ಡ್ರಗ್ಸ್ ವಾಪಸ್ ಬಂತು, ಬಿಟ್ಟ, ಹಿಡಿದ, ಬಿಟ್ಟ. ಆಮೇಲೆ ಅವನೇ ಇಂಥವರಿಗೆ ಕೌನ್ಸೆಲಿಂಗ್ ಕೆಲಸ ಮಾಡಿದ. ಒಬ್ಬ ಹುಡುಗಿ ಕೇಳಿದ್ರು, ಹಾಗಾದ್ರೆ ಕೊನೆಗೆ ಸೋತ ಅಂತಲೇ ಅಲ್ವಾ ಅಂತ. ಏರಿಯಾ ಲೆಕ್ಕದಲ್ಲಿ ಹೌದು, ಪೂರ್ತಿ ಸೋಲು. ಲಿಂಕನ್ ಪಾರ್ಕ್ ಇವತ್ತು ಶಿಕಾಗೋದ ಅತಿ ದುಬಾರಿ ಏರಿಯಾಗಳಲ್ಲಿ ಒಂದು, ಪೀಪಲ್ಸ್ ಚರ್ಚ್ ಕಟ್ಟಡ ಈಗಿಲ್ಲ. ಪ್ಯಾಂಥರ್ಸ್ ತಿಂಡಿ, ಯಂಗ್ ಲಾರ್ಡ್ಸ್ ಕ್ಲಿನಿಕ್ಕು ಮುಂದೆ ಸರ್ಕಾರಗಳೇ ನಡೆಸೋ ಕಾರ್ಯಕ್ರಮಗಳಿಗೆ ದಾರಿ ಮಾಡಿದ್ವು ಅಂತ ಕೆಲವರು ಸಮಾಧಾನ ಹೇಳ್ತಾರೆ, ಆ ಸಮಾಧಾನ ಮನೆ ಕಳ್ಕೊಂಡವರಿಗೆ ನಾನಂತೂ ಹೇಳಲಾರೆ.

ಅವನು ಕೊನೆಗೆ ಹಿಡಿದ ಕೆಲಸ ಇನ್ನೊಂದು. 90ರ ದಶಕದಿಂದ ಚದುರಿದವರನ್ನ ಹುಡುಕ್ಕೊಂಡು ಹೋಗಿ ಕೂರಿಸಿ ಮಾತಾಡಿಸೋಕೆ ಶುರು ಮಾಡಿದ. ಹಳೇ ಗ್ಯಾಂಗಿನವರು, ಪಾದ್ರಿಗಳು, ಪ್ಯಾಂಥರ್ಸು, ಅಂಗಡಿಯವರು, ತನ್ನ ಅಮ್ಮನ ಜೊತೆ ಪ್ರಾರ್ಥನೆಗೆ ಕೂತಿದ್ದ ಹೆಂಗಸರು. ಮಿಷಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅರವತ್ತು ದಾಟಿದ ಮೇಲೆ ವಿದ್ಯಾರ್ಥಿಯಾಗಿ ಸೇರಿ ಡಿಗ್ರಿ ಮಾಡಿದ, ಅಲ್ಲೇ ಈ ಮೌಖಿಕ ಇತಿಹಾಸ ಸಂಗ್ರಹನೂ ಕಟ್ಟಿದ, ನೂರಕ್ಕೂ ಹೆಚ್ಚು ಸಂದರ್ಶನ, ಯೂನಿವರ್ಸಿಟಿ ಸೈಟಲ್ಲಿ ಫ್ರೀಯಾಗಿ ಕೇಳಬಹುದು. ಕೇಳಿ ದಯವಿಟ್ಟು. ಪ್ರಶ್ನೆ ಕೇಳೋನು ಚಾ ಚಾನೇ, ತುಂಬಾ ಒಳ್ಳೆ ಸಂದರ್ಶಕ ಏನಲ್ಲ, ಮಧ್ಯೆ ಬಾಯಿ ಹಾಕ್ತಾನೆ, ತನ್ನ ಕಥೆ ಶುರು ಮಾಡ್ತಾನೆ. ಆದ್ರೆ ನೀವು ಯಾವ ಬೀದಿಯಲ್ಲಿ ಇದ್ರಿ, ಪಕ್ಕದ ಮನೆಯಲ್ಲಿ ಯಾರಿದ್ರು, ಅಲ್ಲಿಂದ ಎಲ್ಲಿಗೆ ಹೋದ್ರಿ ಅನ್ನೋದನ್ನ ಮಾತ್ರ ಬಿಡದೆ ಕೇಳ್ತಾನೆ.